ಮೈನಾ ಆರಿಸಿಕೊಂಡ ಭೂತಗನ್ನಡಿ

ಗಾಜಿನ ಆಚೆಯಿಂದ ಒಂದು ಕಣ್ಣು ನನ್ನನ್ನು ನೋಡುತ್ತಿತ್ತು. ನಿಂಬೆಹಣ್ಣಿನಷ್ಟು ದಪ್ಪನೆಯ ಕಣ್ಣು. ರೆಪ್ಪೆಯ ಕೂದಲು ಒಂದೊಂದೂ ಬಿಡಿಬಿಡಿಯಾಗಿ ಕಾಣುತ್ತಿತ್ತು. ಬಿಳಿಯ ಭಾಗದ ಮೂಲೆಯಲ್ಲಿ ಸಣ್ಣದೊಂದು ಕೆಂಪು ನರ ಕವಲೊಡೆದಿತ್ತು. ಅದರ ಹಿಂದಿದ್ದ ಎರಡು ಜಡೆ, ಬಿಸಿಲಿಗೆ ಒಣಗಿದ ಕೆನ್ನೆ, ಗುಂಡಿ ಕಿತ್ತುಹೋದ ಅಂಗಿ ಎಲ್ಲವೂ ಆ ಕಣ್ಣಿನ ಮುಂದೆ ಚಿಕ್ಕದಾಗಿಬಿಟ್ಟಿದ್ದವು. ಮೈನಾ ಎಂದರೆ ನನಗೆ ಇವತ್ತಿಗೂ ಮೊದಲು ನೆನಪಾಗುವುದು ಆ ಕಣ್ಣು. ಅದೇ ಗಾಜಿನಲ್ಲಿ ಅದೇ ದಿನ ಇನ್ನೊಬ್ಬರ ಕಣ್ಣನ್ನೂ ನೋಡಿದೆ. ಅದನ್ನು ಮರೆಯಬೇಕೆಂದು ನಾನು ಪಟ್ಟ ಪಾಡು ಕಡಿಮೆಯದಲ್ಲ.

ಮೈನಾ ನನ್ನ ಅಕ್ಕ ಗುಣಮಾಲಾಳ ಮಗಳು. ಅವಳ ಹುಟ್ಟುಹಬ್ಬಕ್ಕೆ ಏನಾದರೂ ಕೊಡಿಸಿ ಬರೋಣವೆಂದು ನಾನು ಅಕ್ಕನ ಗಂಡನ ಊರಿಗೆ ಹೋಗಿದ್ದೆ. ಆದರೆ ಅಕ್ಕ ಆ ಊರಿನಲ್ಲಿರಲಿಲ್ಲ. ಅವಳು ನಮ್ಮ ಮನೆಯಲ್ಲಿ, ಅಂದರೆ ತೌರಿನಲ್ಲಿ, ಒಳಕೋಣೆಯ ಗೋಡೆಗೆ ಬೆನ್ನು ಕೊಟ್ಟು ಕೂತು ತಿಂಗಳುಗಳೇ ಆಗಿದ್ದವು.

ಅಕ್ಕನ ಗಂಡನ ಮನೆಯ ಹಿತ್ತಲಿನಲ್ಲಿ ನೆಲದೊಳಗೆ ಕಟ್ಟಿದ ನೀರಿನ ಸಂಪು ಇತ್ತು. ಊರಿನ ನಲ್ಲಿಯಲ್ಲಿ ನೀರು ತನಗೆ ಮನಸ್ಸು ಬಂದಾಗ ಬರುತ್ತಿತ್ತು, ಬಂದಾಗ ತುಂಬಿಸಿಕೊಳ್ಳಬೇಕು. ಬಾಯಿಗೆ ಕಬ್ಬಿಣದ ಚೌಕದ ಮುಚ್ಚಳ. ಅದನ್ನು ಎರಡೂ ಕೈಯಲ್ಲಿ ಎತ್ತಿ ಗೋಡೆಗೆ ಒರಗಿಸಿ, ಬಿಂದಿಗೆ ಇಳಿಸಿ ಸೇದಿ, ಮತ್ತೆ ಮುಚ್ಚಿ, ಒಳಗೆ ಬಂದು ಬಿಳಿಯ ಅರಿವೆಯಲ್ಲಿ ನೀರನ್ನು ಸೋಸಬೇಕು. ನಮ್ಮದು ಜೈನರ ಮನೆತನ. ಸೋಸದ ನೀರು ಬಾಯಿಗೆ ಹೋಗುವಂತಿಲ್ಲ. ಕಣ್ಣಿಗೆ ಕಾಣದ ಹುಳವೂ ಸಾಯಬಾರದೆಂದು ಅಷ್ಟು ಎಚ್ಚರ. ಆ ಮನೆಯಲ್ಲಿ ಒಂದು ಬೆಳಗ್ಗೆ ಮೈನಾಳ ತಮ್ಮ ಬಾಹು, ಇನ್ನೂ ಗೋಡೆ ಹಿಡಿದು ನಡೆಯುತ್ತಿದ್ದ ಕೂಸು, ಸಂಪಿಗೆ ಬಿದ್ದು ಸತ್ತುಹೋದ.

ಮುಚ್ಚಳ ತೆರೆದಿತ್ತು ಎಂದರು ಎಲ್ಲರೂ. ಆ ಮನೆಯಲ್ಲಿ ನೀರು ಸೇದುವವಳು ಅಕ್ಕ ಒಬ್ಬಳೇ. ಹಾಗಾಗಿ ಅಷ್ಟು ಹೇಳಿದರೆ ಉಳಿದದ್ದನ್ನು ಹೇಳಿದಂತೆಯೇ ಆಗುತ್ತಿತ್ತು. ಮೊದಮೊದಲು ಅಕ್ಕ "ನಾನು ಮುಚ್ಚಿದ್ದೆ" ಎಂದಳು. ಕಾಲಿಗೆ ಬಿದ್ದು ಹೇಳಿದಳು, ಹೆಣದ ಮುಂದೆ ಕೂತು ಹೇಳಿದಳು. ಭಾವ ಒಮ್ಮೆ, "ಮತ್ತೆ ಮಗುವೇ ಎತ್ತಿತೇನೇ?" ಎಂದು ಕೇಳಿದರು. ಆಮೇಲೆ ಅಕ್ಕ ಹಾಗೆ ಹೇಳುವುದನ್ನು ನಿಲ್ಲಿಸಿದಳು. ಸೂತಕ ಕಳೆದ ಮೇಲೆ ಭಾವ ಅವಳನ್ನು ತಂದು ನಮ್ಮ ಜಗಲಿಯ ಮೇಲೆ ಬಿಟ್ಟರು. ಮೈನಾಳನ್ನು ಕಳಿಸಿಕೊಡಿ ಎಂದು ನಮ್ಮಮ್ಮ ಬೇಡಿಕೊಂಡಾಗ, ಉಳಿದಿರುವ ಒಂದು ಮಗುವನ್ನೂ ಅವಳ ಕೈಗೆ ಕೊಡಲಾರೆ ಎಂದುಬಿಟ್ಟರು. ಕೋಪದಲ್ಲಿ ಹೇಳಿದ ಮಾತಾಗಿದ್ದರೆ ಇಳಿಯುತ್ತಿತ್ತು. ಅವರು ತಣ್ಣಗೆ ಹೇಳಿದ್ದರು.

ಆ ಮನೆಯಲ್ಲಿ ಅಕ್ಕನನ್ನು ಬೈಯದೆ ಉಳಿದವರು ಒಬ್ಬರೇ, ಅವಳ ಮಾವ ಧರಣೇಂದ್ರಯ್ಯ ಪಂಡಿತರು. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಊರಿನ ಅಂಗಡಿಗಳ ಬೋರ್ಡಿನಲ್ಲಿ ಒಂದು ದೀರ್ಘ ಬಿಟ್ಟುಹೋಗಿದ್ದರೆ ಒಳಗೆ ಹೋಗಿ ಹೇಳಿ ಬರುತ್ತಿದ್ದರು. ಮಾಲೀಕ ತಿದ್ದಿಸುವವರೆಗೆ ಆ ಅಂಗಡಿಯಲ್ಲಿ ಬೆಲ್ಲವನ್ನೂ ಕೊಳ್ಳುತ್ತಿರಲಿಲ್ಲ. ಯಾರ ಮನೆಯ ಮದುವೆಯ ಕರೆಯೋಲೆಯಾದರೂ ಅವರ ಕಣ್ಣಿನ ಕೆಳಗೆ ಹಾದುಹೋಗದೆ ಅಚ್ಚಾಗುತ್ತಿರಲಿಲ್ಲ. ಅಂಥವರು ಸೊಸೆಗೆ ಒಂದು ಬಿರುಸು ಮಾತೂ ಆಡಲಿಲ್ಲವೆಂದು ಊರೇ ಕೊಂಡಾಡಿತು. ಆ ಮನುಷ್ಯನಿಗೆ ಕೈ ಮುಗಿಯಬೇಕು ಎಂದು ನಮ್ಮಮ್ಮ ಹೇಳುತ್ತಿದ್ದಳು. ನಾನೂ ಮನಸ್ಸಿನಲ್ಲೇ ಮುಗಿದಿದ್ದೆ.

ನಾನು ಆಗ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಮದುವೆಯಾಗಿರಲಿಲ್ಲ, ನಾಲಿಗೆ ಸ್ವಲ್ಪ ಉದ್ದವೆಂದು ಬಳಗದಲ್ಲಿ ಹೆಸರಾಗಿದ್ದೆ. ಮೈನಾಳಿಗೆ ಜರಿಯಂಚಿನ ಲಂಗ ತೆಗೆದುಕೊಂಡು ಹೋಗೆಂದು ಅಮ್ಮ ಹೇಳಿದಾಗ ನಾನು ಒಪ್ಪಲಿಲ್ಲ. ತಾಯಿಯಿಲ್ಲದೆ, ಆಟಕ್ಕೆ ಜೊತೆಯಿಲ್ಲದೆ, ಹಣೆಬರಹ, ಪೂರ್ವಜನ್ಮದ ಕರ್ಮ ಎಂದು ಕಂಡಕಂಡವರ ಬಾಯಿಂದ ಕೇಳುತ್ತ ಬೆಳೆಯುತ್ತಿರುವ ಹುಡುಗಿ ಅದು. ಅವಳ ಕೈಗೆ, ತಾನೇ ನೋಡಿ ತಾನೇ ತಿಳಿದುಕೊಳ್ಳುವಂಥ ಒಂದು ಸಾಮಾನು ಕೊಡಬೇಕೆಂದು ಹಟ ಹಿಡಿದೆ. ಯಾವುದೆಂದು ನಾನು ಹೇಳಬಾರದು, ಅವಳೇ ಆರಿಸಬೇಕು ಎಂಬುದೂ ನನ್ನದೇ ಹಟ. ಅಕ್ಕ ನಮ್ಮ ಮಾತೆಲ್ಲ ಕೇಳಿಸಿಕೊಳ್ಳುತ್ತ ಕೂತಿದ್ದಳು. ನಾನು ಹೊರಡುವಾಗ, ಅವಳ ಜಡೆ ಬಿಗಿಯಾಗಿ ಹೆಣೆಯೋದಕ್ಕೆ ಹೇಳು ಎಂದಳು, ಅಷ್ಟೇ.

ಮೈನಾಳ ಊರಿಗೆಲ್ಲ ಇದ್ದದ್ದು ಗಫಾರ್ ಸಾಹೇಬರ ಒಂದೇ ಆಟದ ಸಾಮಾನಿನ ಅಂಗಡಿ, ಅವಳನ್ನು ಅಲ್ಲಿಗೆ ಕರೆದುಕೊಂಡು ಹೋದೆ. ವಿಜ್ಞಾನದ ಆಟಿಕೆ ಎಂದದ್ದೇ ತಡ, ಸಾಹೇಬರು ಏಣಿ ಹತ್ತಿ ಮೇಲಿನ ಹಲಗೆಯಿಂದ ಧೂಳು ಹಿಡಿದ ಪೆಟ್ಟಿಗೆಗಳನ್ನು ಇಳಿಸತೊಡಗಿದರು. ಈ ವಿಷಯದಲ್ಲಿ ನನ್ನ ಅಭಿಪ್ರಾಯಗಳು ಖಡಾಖಂಡಿತವಾಗಿದ್ದವು, ಅವನ್ನು ಹೇಳದೆ ಇರುವ ಸ್ವಭಾವ ನನ್ನದಲ್ಲ. ಕೀಲಿ ಕೊಟ್ಟರೆ ತಾನೇ ಓಡಾಡುವ ಸಾಮಾನು ಬೇಡವೆಂದೆ. ಆಟಿಕೆಯೇ ಆಡಿಕೊಂಡರೆ ಮಗು ಕೈಕಟ್ಟಿ ನೋಡುತ್ತ ಕೂರಬೇಕಾಗುತ್ತದೆ. ಪೆಟ್ಟಿಗೆಯ ಮೇಲೆ ಬಿಳಿ ಕೋಟಿನ ಹುಡುಗ ನಗುತ್ತಿದ್ದ ಒಂದು ಸೂಕ್ಷ್ಮದರ್ಶಕ ಬಂತು. ಕಣ್ಣಿಟ್ಟು ನೋಡಿದರೆ ಕಂಡದ್ದು ನನ್ನದೇ ರೆಪ್ಪೆಯ ಕೂದಲು. ಪೆಟ್ಟಿಗೆಗೆ ಕೊಡುವ ದುಡ್ಡು ಇದು, ಒಳಗಿನ ಸಾಮಾನಿಗಲ್ಲ ಎಂದು ವಾಪಸು ಇಟ್ಟೆ. ಹೊಳೆಯುವ ಸಣ್ಣ ಗುಂಡುಗಳ ಅಯಸ್ಕಾಂತ ಬಂತು; ನುಂಗುವ ಗಾತ್ರದ್ದು ಮಕ್ಕಳಿರುವ ಮನೆಗೇ ಬೇಡ ಎಂದೆ. ಹೇಳಿದ ಮೇಲೆ ಆ ಮನೆಯಲ್ಲಿ ಈಗ ಅಂಥ ಮಗು ಇಲ್ಲವೆಂದು ನೆನಪಾಗಿ ಪೆಟ್ಟಿಗೆಯನ್ನು ಬೇಗನೆ ಮುಚ್ಚಿದೆ. ಲಾಳದ ಆಕಾರದ ದೊಡ್ಡ ಅಯಸ್ಕಾಂತ, ದಿಕ್ಸೂಚಿ, ಬಿಳಿ ಬೆಳಕನ್ನು ಏಳು ಬಣ್ಣವಾಗಿ ಒಡೆಯುವ ಗಾಜಿನ ಪಟ್ಟಕ, ತಂತಿ ಜೋಡಿಸಿ ಬಲ್ಬು ಉರಿಸುವ ಪೆಟ್ಟಿಗೆ, ಇಷ್ಟನ್ನು ಉಳಿಸಿಕೊಂಡು ಅವಳ ಮುಂದೆ ಸಾಲಾಗಿ ಇಟ್ಟೆ.

ಮೈನಾ ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿದಳು. ಪಟ್ಟಕದ ಬಣ್ಣ ಗೋಡೆಯ ಮೇಲೆ ಬಿದ್ದಾಗ ನಾನು ಬೆರಗು ಮೂಡೀತೆಂದು ಅವಳ ಮುಖ ನೋಡಿದೆ. ಅವಳು ನನಗೆ ಬೇಜಾರಾಗಬಾರದೆಂದು ನಕ್ಕಳು. ಎಂಟು ತುಂಬುತ್ತಿದ್ದ ಹುಡುಗಿಗೆ ಅಷ್ಟು ದೊಡ್ಡವರ ನಗು ಎಲ್ಲಿಂದ ಬಂತೋ. ಎಲ್ಲವನ್ನೂ ಇದ್ದ ಜಾಗದಲ್ಲೇ ಇಟ್ಟು, ಸಾಹೇಬರ ಕಡೆ ತಿರುಗಿ, ಭೂತಗನ್ನಡಿ ಇದೆಯಾ ಎಂದು ಕೇಳಿದಳು.

ನನಗೆ ಎಷ್ಟು ಸಂತೋಷವಾಯಿತೆಂದರೆ ಅಲ್ಲೇ ಅವಳನ್ನು ಎತ್ತಿಕೊಳ್ಳಬೇಕೆನ್ನಿಸಿತು. ಇಷ್ಟೆಲ್ಲ ಥಳುಕಿನ ಸಾಮಾನು ಬಿಟ್ಟು ಒಂದು ಹಿಡಿ, ಒಂದು ಗಾಜು ಇರುವ ವಸ್ತುವನ್ನು ಕೇಳಿದಳಲ್ಲ. ವಿಜ್ಞಾನವೆಲ್ಲ ಶುರುವಾಗುವುದೇ ಅಲ್ಲಿಂದ ಎಂದು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೆ. ನಮ್ಮ ರಕ್ತ ಎಂದುಕೊಂಡೆ.

ಸಾಹೇಬರು ಡ್ರಾಯರಿನಿಂದ ಕಪ್ಪು ಹಿಡಿಯ ಭೂತಗನ್ನಡಿ ತೆಗೆದು, ಲುಂಗಿಯ ಅಂಚಿನಲ್ಲಿ ಒರೆಸಿ ಕೊಟ್ಟರು. ಮೈನಾ ಅದನ್ನು ಹಿಡಿದುಕೊಂಡು ಅವರನ್ನೇ ಕೇಳಿದಳು, "ಇದ್ರಲ್ಲಿ ಎಷ್ಟು ಹಿಂದಿಂದು ಕಾಣುತ್ತೆ?"

"ಹಿಂದಿಂದೆಲ್ಲ ಕಾಣಲ್ಲಮ್ಮ. ಹತ್ತಿರದ್ದು ಕಾಣುತ್ತೆ. ಚೆನ್ನಾಗಿ ಕಾಣುತ್ತೆ" ಎಂದರು ಸಾಹೇಬರು.

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. "ಹತ್ತಿರದ್ದೇ ಸಾಕು" ಎಂದಳು. ದೂರದ ವಸ್ತುವನ್ನು ಕುರಿತು ಕೇಳುತ್ತಿದ್ದಾಳೆಂದು ಸಾಹೇಬರೂ ನಾನೂ ತಿಳಿದೆವು. ಆಮೇಲೆ ಅವಳು ಕನ್ನಡಿಯನ್ನು ಕಣ್ಣಿನ ಮುಂದೆ ಹಿಡಿದು ನನ್ನನ್ನು ನೋಡಿದಳು. ಆಗಲೇ ನಾನು ಆ ದೊಡ್ಡ ಕಣ್ಣನ್ನು ಕಂಡದ್ದು. ಅದು ನನ್ನನ್ನು ದಾಟಿ ಇನ್ನೇನನ್ನೋ ಹುಡುಕುತ್ತಿದ್ದಂತಿತ್ತು.

ಮನೆಗೆ ಬಂದಾಗ ಭಾವ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಪಂಡಿತರು ಜಗಲಿಯ ಆರಾಮಕುರ್ಚಿಯಲ್ಲಿ ಕೂತಿದ್ದರು. ಮೊಮ್ಮಗಳ ಕೈಯಲ್ಲಿದ್ದದ್ದನ್ನು ನೋಡಿ, ಒಳ್ಳೆಯ ಆಯ್ಕೆ ಎಂದು ನನ್ನನ್ನು ಹೊಗಳಿದರು. ಆಯ್ಕೆ ನನ್ನದಲ್ಲ, ಅವಳದೇ ಎಂದು ನಾನು ಹೆಮ್ಮೆಯಿಂದ ಹೇಳಿದೆ. ಮೈನಾ ನಮ್ಮ ಮಾತಿಗೆ ನಿಲ್ಲದೆ ನಡುಮನೆ ದಾಟಿ ಹಿತ್ತಲಿಗೆ ಓಡಿದಳು. ಜಗಲಿಯಲ್ಲಿ ಕೂತರೆ ತೆರೆದ ಬಾಗಿಲುಗಳ ನೇರಕ್ಕೆ ಹಿತ್ತಲು ಕಾಣುವಂತೆ ಕಟ್ಟಿದ ಮನೆ ಅದು.

ಇರುವೆ, ಎಲೆ, ಹೂವಿನ ಕೇಸರ ಏನಾದರೂ ನೋಡುತ್ತಿರಬಹುದೆಂದು ನಾನು ಸ್ವಲ್ಪ ಹೊತ್ತಿನ ಮೇಲೆ ಹೋದೆ. ಅವಳು ಮೊಣಕಾಲೂರಿ ಸಂಪಿನ ಮುಚ್ಚಳದ ಪಕ್ಕದಲ್ಲಿದ್ದಳು. ಮುಚ್ಚಳಕ್ಕೆ ಈಗ ಬೀಗ ಬಿದ್ದಿತ್ತು, ನೀರು ಮೇಲೇರಿಸಲು ಒಂದು ಪಂಪು ಕೂರಿಸಿದ್ದರು. ಬಾಹು ಸತ್ತ ಮೇಲೆ ಆ ಜಾಗಕ್ಕೆ ನಾನು ಹೋದದ್ದೇ ಅಂದು ಮೊದಲು. ಅವಳು ಕಬ್ಬಿಣದ ಅಂಚಿನ ಉದ್ದಕ್ಕೂ ಕನ್ನಡಿಯನ್ನು ನಿಧಾನವಾಗಿ ಸರಿಸುತ್ತ, ಒಂದೊಂದು ಕಡೆ ಉಸಿರು ಬಿಗಿಹಿಡಿದು ನಿಂತು ನೋಡುತ್ತಿದ್ದಳು. ಒಂದು ಸುತ್ತು ಮುಗಿದ ಮೇಲೆ ಮತ್ತೆ ಮೊದಲಿನಿಂದ ಹಿಡಿದಳು. ಏನು ಸಿಕ್ಕಿತು ಎಂದು ಕೇಳಿದೆ. ಇನ್ನೂ ಏನೂ ಕಾಣಲಿಲ್ಲ ಎಂದಳು. ಏನು ಕಾಣಬೇಕಿತ್ತು ಎಂದರೆ, ಭೂತ ಎಂದಳು.

ನನ್ನ ಮೈ ಉರಿದುಹೋಯಿತು. ಯಾರು ಈ ಮಗುವಿನ ತಲೆಗೆ ಇದನ್ನು ತುಂಬಿದರು ಎಂದು ಕೇಳಿದೆ. ಬೀದಿಯ ಮಕ್ಕಳಂತೆ. ಬಾಹು ಭೂತವಾಗಿ ಸಂಪಿನೊಳಗೆ ಕೂತಿದ್ದಾನೆ ಎಂದು ಅವಳನ್ನು ಹೆದರಿಸಿದ್ದರಂತೆ. ಹೆದರಿ ಅವಳು ಹಿತ್ತಲಿಗೆ ಬರುವುದನ್ನೇ ಬಿಟ್ಟಿದ್ದಳಂತೆ. ನಾನು ಅವಳ ಎರಡೂ ಭುಜ ಹಿಡಿದು, ನಿನ್ನ ತಮ್ಮ ಭೂತ ಆಗಿಲ್ಲ, ಭೂತ ಎನ್ನುವುದೇ ಇಲ್ಲ, ಈ ಕನ್ನಡಿ ಅದನ್ನು ತೋರಿಸುವುದೂ ಇಲ್ಲ ಎಂದು ಪಾಠ ಶುರುಮಾಡಿದೆ. ಅವಳು ನನ್ನ ಮಾತು ಮುಗಿಯಲು ಬಿಡಲಿಲ್ಲ.

"ದೆವ್ವ ಅಲ್ಲ ಚಿಕ್ಕಮ್ಮ. ಭೂತ ಅಂದ್ರೆ ದೆವ್ವ ಅಲ್ಲ. ಆಗಿಹೋಗಿದ್ದು. ಭೂತಕಾಲ, ವರ್ತಮಾನಕಾಲ, ಭವಿಷ್ಯತ್ಕಾಲ. ತಾತನೇ ಹೇಳ್ಕೊಟ್ರು. ಹೆದರ್ಕೋಬೇಡ, ಭೂತ ಅಂದ್ರೆ ನಡೆದುಹೋಗಿದ್ದು ಅಷ್ಟೇ, ಅದು ಯಾರಿಗೂ ಏನೂ ಮಾಡಲ್ಲ ಅಂದ್ರು." ಕನ್ನಡಿಯನ್ನು ಅಂಗಿಗೆ ಉಜ್ಜಿಕೊಂಡಳು. "ಅವತ್ತು ಅಮ್ಮ ಮುಚ್ಚಿದ್ಲಾ ಇಲ್ವಾ ನೋಡ್ಬೇಕು. ಮುಚ್ಚಿದ್ದು ಕಾಣಿಸಿದ್ರೆ ಅಪ್ಪನ್ನ ಕರೆದು ತೋರಿಸ್ತೀನಿ. ಆಮೇಲೆ ಅಮ್ಮ ಬರಬಹುದು."

ಅವಳ ತರ್ಕದಲ್ಲಿ ಒಂದು ಹೆಜ್ಜೆಯೂ ತಪ್ಪಿರಲಿಲ್ಲ. ತಪ್ಪಿದ್ದು ನಮ್ಮ ಭಾಷೆ. ಸತ್ತವನ ಆತ್ಮಕ್ಕೂ, ಕಳೆದ ಕಾಲಕ್ಕೂ, ಸಣ್ಣದನ್ನು ದೊಡ್ಡದಾಗಿ ತೋರಿಸುವ ಗಾಜಿಗೂ ಒಂದೇ ಪದ ಇಟ್ಟುಕೊಂಡ ಭಾಷೆ. ಇದು ಬರೀ ದೊಡ್ಡದು ಮಾಡಿ ತೋರಿಸುವ ಗಾಜು ಮರಿ ಎಂದು ಕೊನೆಗೆ ಮೆಲ್ಲಗೆ ಹೇಳಿದೆ. ಅವಳು ನಂಬಲಿಲ್ಲ. ಪದಗಳ ವಿಷಯದಲ್ಲಿ ಆ ಮನೆಯಲ್ಲಿ ಯಾರನ್ನು ಕೇಳಬೇಕೆಂದು ಅವಳಿಗೆ ಗೊತ್ತಿತ್ತು. ನೆಟ್ಟಗೆ ಜಗಲಿಗೆ ನಡೆದಳು. ನಾನೂ ಹಿಂದೆ ಹೋದೆ.

ತಾತನ ಮೊಣಕಾಲಿನ ಮೇಲೆ ಕೈಯಿಟ್ಟು, "ತಾತ, ಭೂತಗನ್ನಡಿಯಲ್ಲಿ ಭೂತಕಾಲ ಕಾಣಲ್ವಂತೆ. ಹೌದಾ?" ಎಂದು ಕೇಳಿದಳು.

ನನಗೆ ನಿಜವಾಗಿ ಹಗುರವಾಯಿತು. ಒಂದು ಕಾಗುಣಿತದ ತಪ್ಪನ್ನೂ ಬಿಡದ ಮನುಷ್ಯ, ಇದನ್ನು ಬಿಡುತ್ತಾರೆಯೇ? ಒಂದೇ ಪದಕ್ಕೆ ಹಲವು ಅರ್ಥ ಇರುವುದನ್ನು ಉದಾಹರಣೆ ಕೊಟ್ಟು ಬಿಡಿಸುತ್ತಾರೆ, ಅವಳ ಮನಸ್ಸು ನೋಯದಂತೆ ತಿದ್ದುತ್ತಾರೆ ಎಂದುಕೊಂಡೆ. ಪಂಡಿತರು ಕೈ ಚಾಚಿ ಕನ್ನಡಿ ಇಸಿದುಕೊಂಡರು. ನಮ್ಮ ಮಾತನ್ನೆಲ್ಲ ಅವರು ಅಲ್ಲಿಂದಲೇ ಕೇಳಿಸಿಕೊಂಡಿದ್ದರು. ಕನ್ನಡಿಯನ್ನು ಕಣ್ಣಿನ ಮುಂದೆ ಹಿಡಿದು ಹಿತ್ತಲಿನ ಕಡೆ ತಿರುಗಿದರು. ಬಾಗಿಲಲ್ಲಿ ನಿಂತಿದ್ದ ನನಗೆ ಗಾಜಿನ ತುಂಬ ಅವರ ಕಣ್ಣು ಕಾಣಿಸಿತು. ಪೊರೆ ಬರುತ್ತಿದ್ದ ಬೂದು ಗುಡ್ಡೆ, ಕೆಳರೆಪ್ಪೆಯ ಕೆಂಪು ಅಂಚು, ಅದರಲ್ಲಿ ತುಂಬಿಕೊಂಡು ಇಳಿಯದೆ ನಿಂತ ನೀರು.

"ಕಾಣುತ್ತೆ ಮರಿ" ಎಂದರು.

ಮೈನಾ ಅವರ ಪಕ್ಕಕ್ಕೆ ಇನ್ನಷ್ಟು ಒತ್ತಿಕೊಂಡಳು.

"ನಿಮ್ಮಮ್ಮ ಕಾಣ್ತಾಳೆ. ಬಿಂದಿಗೆ ಎತ್ತಿ ಪಕ್ಕಕ್ಕಿಟ್ಟಳು. ಮುಚ್ಚಳ ಎಳೆದಳು. ಸರಿಯಾಗಿ ಕೂತಿದೆಯೋ ಇಲ್ಲವೋ ಅಂತ ಕಾಲಿನಿಂದ ಒತ್ತಿ ನೋಡಿದಳು. ಬಿಂದಿಗೆ ತಗೊಂಡು ಒಳಗೆ ಹೋದಳು."

"ಮುಚ್ಚಿದ್ಲಾ?"

"ಮುಚ್ಚಿದಳು." ಪಂಡಿತರು ಕನ್ನಡಿಯನ್ನು ಕೆಳಗಿಳಿಸಲಿಲ್ಲ. "ಆಮೇಲೆ ಒಬ್ಬ ಮುದುಕ ಬಂದ. ಕೈಯಲ್ಲಿ ಕೋಲಿದೆ. ಸೊಸೆ ನೀರು ಜಾಸ್ತಿ ಚೆಲ್ತಾಳೆ ಅಂತ ಅವನಿಗೆ ಅನುಮಾನ. ಅವಳು ಒಳಗೆ ಹೋದ ಮೇಲೆ ದಿನಾ ಬಂದು ಕೋಲು ಇಳಿಸಿ ನೀರು ಅಳೀತಾನೆ. ಮುಚ್ಚಳ ಎತ್ತಿ ಗೋಡೆಗೆ ಒರಗಿಸಿದ. ಅಷ್ಟರಲ್ಲಿ ಜಗಲಿಯಿಂದ ಪ್ರೆಸ್ಸಿನವನು ಕೂಗಿದ. ಕರೆಯೋಲೆ ಅಚ್ಚಿಗೆ ಹೋಗಬೇಕು, ಒಂದು ಸಲ ಕಣ್ಣಾಡಿಸಿ ಕೊಡಿ ಅಂದ. ಮುದುಕ ಹೋದ. ಮೊದಲ ಸಾಲಿನಲ್ಲೇ ಒಂದು ಒತ್ತಕ್ಷರ ತಪ್ಪಿತ್ತು. ತಿದ್ದಿದ. ಅಲ್ಲೇ ಕೂತು ಉಳಿದದ್ದನ್ನೂ ತಿದ್ದಿದ. ಮುಚ್ಚಳ ಅವನಿಗೆ ಮರೆತುಹೋಯಿತು."

"ಯಾವ ಮುದುಕ ತಾತ?"

"ನಾನು" ಎಂದರು.

ಮೈನಾ ಅಳಲಿಲ್ಲ. ಅವರ ಮೊಣಕಾಲಿನ ಮೇಲಿಟ್ಟಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ನನ್ನ ಕಡೆ ತಿರುಗಿ, ಅಮ್ಮ ಮುಚ್ಚಿದ್ದಳಂತೆ ಎಂದಳು. ಕನ್ನಡಿಯನ್ನು ವಾಪಸು ಕೇಳದೆ, ಒಳಗೆ ಹೋಗಿ ಕೂತಳು.

ನನಗೆ ಆ ಮುದುಕರನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಕೈ ಮುಗಿದಿದ್ದೆನಲ್ಲ, ಆ ಕೈಯಿಂದಲೇ ಹೊಡೆಯಬೇಕೆನ್ನಿಸಿತು. ನಮ್ಮ ಮನೆಯ ಒಳಕೋಣೆಯಲ್ಲಿ ಗೋಡೆಗೆ ಒರಗಿ ಕೂತವಳ ಮುಖ ಕಣ್ಣ ಮುಂದೆ ಬಂತು. ಒಂದು ಮಾತು, ಒಂದೇ ಒಂದು ಮಾತು ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಮುಚ್ಚಳ ತೆರೆದಿತ್ತು ಅಂದರು" ಎಂದರು ಪಂಡಿತರು. "ಎಲ್ಲರೂ ಅಷ್ಟೇ ಅಂದದ್ದು. ತೆರೆದವರು ಯಾರು ಅಂತ ನನ್ನನ್ನು ಯಾರೂ ಕೇಳಲಿಲ್ಲ ತಾಯಿ. ಆ ವಾಕ್ಯದಲ್ಲಿ ಕರ್ತೃವೇ ಇರಲಿಲ್ಲ. ಯಾರಾದರೂ ಕೇಳಲಿ ಅಂತ ಕಾದೆ. ನಾನು ಕಾಯುತ್ತಿರೋವಾಗಲೇ ಅವರು ಅವಳ ಹೆಸರು ಸೇರ್ಸಿಬಿಟ್ಟರು."

"ತಿದ್ದಬಹುದಿತ್ತಲ್ಲ ಮಾವಯ್ಯ" ಎಂದೆ. "ಊರಿನ ಬೋರ್ಡನ್ನೆಲ್ಲ ತಿದ್ದೋರು ನೀವು."

ಅವರು ತಲೆಯೆತ್ತಲಿಲ್ಲ. ಮೊದಲ ದಿನ ಹೇಳಲು ಧೈರ್ಯ ಬರಲಿಲ್ಲ, ಆಮೇಲೆ ಮೊದಲ ದಿನ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರಲ್ಲ ಎಂಬ ಹೆದರಿಕೆ ಹತ್ತಿಕೊಂಡಿತು ಎಂದು ಹೇಳಿದರು. ಅದು ನಿಜವಿರಬೇಕು. ಸುಳ್ಳು ಹೇಳುವುದು ಅವರಿಗೆ ಬರುತ್ತಿರಲಿಲ್ಲ. ಅವರು ಒಂದು ಸುಳ್ಳನ್ನೂ ಹೇಳದೆ ಆ ಕೆಲಸ ಮಾಡಿ ಮುಗಿಸಿದ್ದರು.

ಸಂಜೆ ಭಾವ ಬಂದ ಕೂಡಲೇ ಪಂಡಿತರೇ ಹೇಳಿದರು, ಕುರ್ಚಿಯಿಂದ ಎದ್ದು ನಿಂತು ಹೇಳಿದರು. ಭಾವ ಕೇಳಿ, ಕೈಯಲ್ಲಿದ್ದ ಊಟದ ಡಬ್ಬಿಯನ್ನು ಕೆಳಗಿಟ್ಟು ಹೊಸ್ತಿಲ ಮೇಲೆ ಕೂತರು. ಅಪ್ಪನ ಮುಖವನ್ನೂ ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಅವರು ಬೈಯಬಹುದೆಂದು ನಾನು ಕಾಯುತ್ತಿದ್ದೆ. ಅವರು ಬೈಯಬೇಕಾಗಿದ್ದ ಮಾತೆಲ್ಲ ಆಗಲೇ ಅಕ್ಕನ ಮೇಲೆ ಖರ್ಚಾಗಿಹೋಗಿತ್ತೇನೋ. ಬೆಳಗ್ಗೆ ಮೊದಲ ಬಸ್ಸಿಗೆ ಎಲ್ಲರೂ ಹೊರಟೆವು.

ದಾರಿಯುದ್ದಕ್ಕೂ ನಾನು ಒಂದನ್ನೇ ಯೋಚಿಸುತ್ತಿದ್ದೆ. ಅಕ್ಕ ಇದನ್ನು ಕೇಳಿದಾಗ ಅವಳ ಮುಖ ಹೇಗಾಗಬಹುದು? ಅಳುತ್ತಾಳೆ, ಮಾವನನ್ನು ಬಾಯಿಗೆ ಬಂದಂತೆ ಬೈಯುತ್ತಾಳೆ, ಗಂಡನನ್ನು ಹೊಸ್ತಿಲೊಳಗೆ ಸೇರಿಸುವುದಿಲ್ಲ. ಏನು ಮಾಡಿದರೂ ಸರಿ, ನಾನು ಅವಳ ಪಕ್ಕದಲ್ಲಿ ನಿಲ್ಲುತ್ತೇನೆ. ಆ ಬಸ್ಸಿನಲ್ಲಿ ಕೂತು ನಾನು ಸಂತೋಷವಾಗಿದ್ದೆ ಎಂದು ಹೇಳಲು ಈಗ ಸಂಕಟವಾಗುತ್ತದೆ. ಆದರೆ ಸಂತೋಷವಾಗಿಯೇ ಇದ್ದೆ.

ಮೈನಾಳನ್ನು ಕಂಡು ಅಕ್ಕ ಎದ್ದು ನಿಂತಳು, ಆದರೆ ಹತ್ತಿರ ಬರಲಿಲ್ಲ. ಮುಟ್ಟಬಹುದೇ ಎಂದು ಕೇಳುವಂತೆ ಭಾವನ ಕಡೆ ನೋಡಿದಳು. ಪಂಡಿತರು ನಡುಮನೆಯ ನೆಲದ ಮೇಲೆ ಕೂತು, ಸೊಸೆಯ ಮುಂದೆ ಕೈ ಜೋಡಿಸಿ, ಹಿಂದಿನ ದಿನ ಕನ್ನಡಿಯಲ್ಲಿ ಕಂಡಂತೆ ಹೇಳಿದ್ದನ್ನೆಲ್ಲ ಈಗ ಕನ್ನಡಿಯಿಲ್ಲದೆ ಹೇಳಿದರು. ಕೋಲು, ಪ್ರೆಸ್ಸಿನವನು, ಒತ್ತಕ್ಷರ. ನಾನು ಮುಚ್ಚಲಿಲ್ಲ, ನಾನು ಹೇಳಲೂ ಇಲ್ಲ ಎಂದರು. ಕರ್ತೃವನ್ನು ಎಲ್ಲೂ ಬಿಡಲಿಲ್ಲ. ನಮ್ಮಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

ಅಕ್ಕ ಪೂರ್ತಿ ಕೇಳಿಸಿಕೊಂಡಳು. ಅವಳ ಮುಖದಲ್ಲಿ ನಾನು ಬಸ್ಸಿನಲ್ಲಿ ಕಲ್ಪಿಸಿಕೊಂಡದ್ದು ಯಾವುದೂ ಬರಲಿಲ್ಲ. ಬಂದದ್ದು ಕನಿಕರ.

"ನೀವು ದೊಡ್ಡೋರು ಮಾವ" ಎಂದಳು. "ನನಗೋಸ್ಕರ ಇಷ್ಟು ದೂರ ಬಂದ್ರಿ. ಆದ್ರೆ ನನ್ನ ಪಾಪಾನ ನೀವು ತಲೆ ಮೇಲೆ ಹಾಕ್ಕೋಬೇಡಿ. ನಾನು ಮುಚ್ಚಲಿಲ್ಲ."

"ನೀನು ಮುಚ್ಚಿದ್ದೆ ಕಣೆ" ಎಂದೆ ನಾನು. "ನೀನೇ ಹೇಳಿದ್ದೆ, ಮೊದಲ ದಿನ."

"ಮೊದಲ ದಿನ ಹೆದರಿಕೆಯಿಂದ ಹೇಳಿದೆ. ಆಮೇಲೆ ಎಲ್ಲ ನೆನಪಿಗೆ ಬಂತು. ಒಲೆ ಮೇಲೆ ಹಾಲು ಉಕ್ಕಿದ ವಾಸನೆ ಬಂತು. ಮುಚ್ಚಳ ಒರಗಿಸಿದ್ದು ಹಾಗೇ ಬಿಟ್ಟು ಓಡಿದೆ. ಆಮೇಲೆ ಬಂದು ಮುಚ್ಚಿದ್ರಾಯ್ತು ಅಂದ್ಕೊಂಡೆ. ಕಾಲಿಗೆ ಒದ್ದೆ ಸೀರೆ ಅಂಟ್ಕೊಂಡಿತ್ತು. ನನಗೆ ಎಲ್ಲಾ ಕಣ್ಣಿಗೆ ಕಟ್ಟಿದ ಹಾಗಿದೆ."

ಹಾಲಿನ ಮಾತು ಮೊದಲ ದಿನ ಇರಲಿಲ್ಲ. ಒದ್ದೆ ಸೀರೆಯೂ ಇರಲಿಲ್ಲ. ಯಾರೂ ನಂಬದ ಸತ್ಯವನ್ನು ಒಂಟಿಯಾಗಿ ಹಿಡಿದುಕೊಂಡಿರಲು ಅವಳಿಗೆ ಆಗಿರಲಿಲ್ಲ. ಆ ಗೋಡೆಯ ಪಕ್ಕದಲ್ಲಿ ಕೂತು, ಎಲ್ಲರೂ ಹೇಳಿದ್ದು ಹೇಗೆ ನಡೆದಿರಬಹುದೆಂದು ತಾನೇ ಒಂದೊಂದಾಗಿ ಸೇರಿಸಿ, ಕೊನೆಗೆ ಅದನ್ನು ನೆನಪು ಮಾಡಿಕೊಂಡಿದ್ದಳು. ಪಂಡಿತರು ಮತ್ತೆ ಮತ್ತೆ ಹೇಳಿದರು. ಪ್ರೆಸ್ಸಿನವನನ್ನೇ ಕರೆಸುತ್ತೇನೆ, ಅವನನ್ನು ಕೇಳು ಎಂದರು. ಅವನು ಬಂದಿರಬಹುದು ಎಂದಳು ಅಕ್ಕ, ಬರಲಿಲ್ಲ ಎಂದು ನಾನೆಲ್ಲಿ ಹೇಳಿದೆ ಎಂದಳು. ಭಾವ ಅವಳ ಕೈ ಹಿಡಿದು ತಪ್ಪಾಯಿತು ಎಂದಾಗ, ನೀವು ಸರಿಯಾಗೇ ಕೇಳಿದ್ದಿರಿ, ಮಗು ಎತ್ತುವುದಕ್ಕೆ ಆಗುತ್ತದೆಯೇ ಎಂದಳು. ಅದನ್ನು ಕುಹಕಕ್ಕೆ ಹೇಳಿದ್ದರೆ ನನ್ನ ಜೀವಕ್ಕೆ ಸಮಾಧಾನವಾಗುತ್ತಿತ್ತು. ಅವಳನ್ನು ಹಿಡಿದು ಅಲ್ಲಾಡಿಸಬೇಕೆನ್ನಿಸಿತು. ಅಲ್ಲಾಡಿಸಿದೆ ಕೂಡ. ಅಮ್ಮ ಬಂದು ಬಿಡಿಸಿದಳು.

ಕೊನೆಗೆ ಮೈನಾ ಹತ್ತಿರ ಹೋಗಿ, "ಅಮ್ಮ, ತಾತ ನೋಡಿದ್ರು. ನೀನು ಕಾಲಲ್ಲಿ ಒತ್ತಿನೂ ನೋಡಿದ್ದೆ" ಎಂದಳು.

"ಹೌದಾ ಕಂದ" ಎಂದು ಅಕ್ಕ ಅವಳ ತಲೆ ಸವರಿದಳು. ಮಕ್ಕಳು ಚಂದ್ರನ ಮೇಲೆ ಮೊಲ ನೋಡಿದೆ ಎಂದಾಗ ಹೌದಾ ಎನ್ನುತ್ತೇವಲ್ಲ, ಹಾಗೆ.

ಪಂಡಿತರು ಅಲ್ಲೇ ಕೂತಿದ್ದರು. ಬದುಕಿನಲ್ಲಿ ಅಷ್ಟೊಂದು ತಪ್ಪುಗಳನ್ನು ತಿದ್ದಿದ ಮನುಷ್ಯ, ತಮ್ಮ ಎದುರಿಗೇ ನಿಂತ ಈ ಒಂದು ತಪ್ಪನ್ನು ತಿದ್ದಲಾರದೆ ಬರಿಗೈ ನೋಡಿಕೊಂಡರು. ಅವರ ಮೇಲೆ ನನಗಿದ್ದ ಸಿಟ್ಟು ಆ ಹೊತ್ತಿನಲ್ಲಿ ಎಲ್ಲಿ ಹೋಯಿತೋ ತಿಳಿಯದು. ಮುಂದೆ ಅವರು ಯಾರ ಕರೆಯೋಲೆಯನ್ನೂ ನೋಡಿಕೊಡಲಿಲ್ಲವೆಂದು ಕೇಳಿದೆ. ಊರಿನ ಬಸದಿಯ ಮುಂದೆ ನಿಂತು ಬಂದವರಿಗೆಲ್ಲ ನಡೆದದ್ದನ್ನು ಹೇಳಿದರಂತೆ. ಸೊಸೆಯನ್ನು ಉಳಿಸಲು ಎಂಥ ತ್ಯಾಗ ಎಂದು ಜನ ಇನ್ನಷ್ಟು ಹೊಗಳಿದರಂತೆ.

ಅಕ್ಕ ಅವರೊಡನೆ ಹೋಗಲು ಒಪ್ಪಿದಳು. ಬಾ ಎಂದರು, ಹೊರಟಳು. ಹಿಂದೆ ಹೋಗು ಎಂದಾಗಲೂ ಹಾಗೆಯೇ ಹೊರಟಿದ್ದಳು. ಮಧ್ಯಾಹ್ನದ ಬಸ್ಸಿಗೆ ನಾನು ನಿಲ್ದಾಣದವರೆಗೆ ಹೋದೆ. ಪಂಡಿತರೂ ಭಾವನೂ ಹಿಂದಿನ ಸೀಟಿನಲ್ಲಿ, ತಾಯಿ ಮಗಳು ಕಿಟಕಿಯ ಪಕ್ಕ. ಬಿಸಿಲಿಗೆ ಬಸ್ಸಿನ ತಗಡು ಕಾದಿತ್ತು. ಡ್ರೈವರು ಬರುವವರೆಗೆ ನಾನು ಕಿಟಕಿಯ ಕೆಳಗೆ ನಿಂತು ಅದೂ ಇದೂ ಮಾತಾಡಿದೆ. ಅಕ್ಕ ಹೂಂ ಹೂಂ ಎನ್ನುತ್ತಿದ್ದಳು, ಅವಳ ಗಮನ ನನ್ನ ಮೇಲಿರಲಿಲ್ಲ. ಮೈನಾಳ ಮಣಿಕಟ್ಟನ್ನು ಹಿಡಿದುಕೊಂಡಿದ್ದಳು. ಅವಳ ಬೆರಳಿನ ಗೆಣ್ಣುಗಳು ಬೆಳ್ಳಗಾಗಿದ್ದವು, ಮಗುವಿನ ಅಂಗೈ ಕೆಂಪಗೆ ಊದಿಕೊಂಡಿತ್ತು. ನೋಯುತ್ತದೆ ಬಿಡು ಅಕ್ಕ ಎಂದೆ. ಮೈನಾ ನನ್ನ ಕಡೆ ನೋಡಿ, ಸುಮ್ಮನಿರು ಎಂಬಂತೆ ತಲೆಯಾಡಿಸಿದಳು. ಬಸ್ಸು ಹೊರಟಾಗ ಅವಳು ಇನ್ನೊಂದು ಕೈಯನ್ನು ಕಿಟಕಿಯಿಂದ ಹೊರಗೆ ಚಾಚಿ, ತಿರುವು ಬರುವವರೆಗೆ ನನಗೆ ಬೀಸುತ್ತಲೇ ಇದ್ದಳು.